ವರ್ಣಶಿಲ್ಪಿ ರವಿವರ್ಮ

ಕೇರಳದ ಯುವತಿಯೊಬ್ಬಳು ತನ್ನ ಮುಡಿಯನ್ನು ಮಲ್ಲಿಗೆಯ ಮಾಲೆಯಿಂದ ಸಿಂಗರಿಸಿಕೊಳ್ಳುತ್ತಿದ್ದಾಳೆ. 1873ರಲ್ಲಿ ಮದರಾಸಿನ ಕಲಾಪ್ರದರ್ಶನಕ್ಕೆ ಬಂದ ಈ ತೈಲಚಿತ್ರಕ್ಕೆ ಗವರ್ನರರ ಚಿನ್ನದ ಪದಕ ದೊರೆಯಿತು. ಅದೇ ವರ್ಷ ವಿಯನ್ನಾ ನಗರದ ಪ್ರದರ್ಶನದಲ್ಲಿಯೂ ಅದು ಮನ್ನಣೆ ಪಡೆಯಿತು. ಅದನ್ನು ರಚಿಸಿದ ರವಿವರ್ಮರಿಗೆ ಆಗ ಇಪ್ಪತ್ತೈದು ವರ್ಷ. ತೈಲವರ್ಣದ ವಿದ್ಯೆಯನ್ನು ಅವರಿಗೆ ಯಾವ ಗುರುವೂ ಕೈಹಿಡಿದು ಕಲಿಸಿರಲಿಲ್ಲ.

ರವಿವರ್ಮರು 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯ ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದರು. ಸ್ವತಃ ಚಿತ್ರಕಾರರಾಗಿದ್ದ ಸೋದರಮಾವ ಅದನ್ನು ಕಂಡು ಗದರಿಸದೆ, ಅಕ್ಕರೆಯಿಂದ ರೇಖೆಗಳನ್ನು ತಿದ್ದಿಸಿದರು. 1862ರಲ್ಲಿ ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದರು. ಮಹಾರಾಜ ಆಯಿಲ್ಯಂ ತಿರುನಾಳರು ಅವನಿಗೆ ಆಶ್ರಯವಿತ್ತರು.

ಆ ಕಾಲದಲ್ಲಿ ತೈಲವರ್ಣವು ನಮ್ಮ ನಾಡಿಗೆ ಹೊಸದು. ಬಲ್ಲವರು ಅದರ ಮರ್ಮವನ್ನು ಬಿಟ್ಟುಕೊಡುತ್ತಿರಲಿಲ್ಲ. ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯಿಡು ಕಲಿಸಲೊಪ್ಪಲಿಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಪಾಶ್ಚಾತ್ಯ ಕಲಾವಿದನು ಅರಮನೆಗೆ ಬಂದನು. ಅವನಿಂದ ದೊರೆತದ್ದು ಪಾಠವಲ್ಲ, ಚಿತ್ರ ಬರೆಯುವುದನ್ನು ನೋಡಲು ಅನುಮತಿ ಮಾತ್ರ. ಯುವಕನಿಗೆ ಅಷ್ಟೇ ಸಾಕಾಯಿತು. ಎಣ್ಣೆಯಲ್ಲಿ ಕಲೆಸಿದ ಬಣ್ಣ ನಿಧಾನವಾಗಿ ಒಣಗುತ್ತದೆ; ಹಸಿಯಿರುವಾಗಲೇ ಬೆಳಕನ್ನು ನೆರಳಿನಲ್ಲಿ ಬೆರೆಸಿ ಮೈಯ ಕಾಂತಿಯನ್ನೂ ರೇಷ್ಮೆಯ ಹೊಳಪನ್ನೂ ಮೂಡಿಸಬಹುದು. ಕಣ್ಣಿನಿಂದ ಕಂಡುದನ್ನು ಅವರು ಕೈಯಿಂದ ಮತ್ತೆ ಮತ್ತೆ ಸಾಧಿಸಿ ವಶಪಡಿಸಿಕೊಂಡರು.

ಕೀರ್ತಿ ಹಬ್ಬಿದಂತೆ ಬರೋಡ, ಮೈಸೂರು ಮೊದಲಾದ ಸಂಸ್ಥಾನಗಳಿಂದ ಆಹ್ವಾನಗಳು ಬಂದವು. ಬರೋಡದ ಅರಮನೆಗಾಗಿ ಅವರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ರಚಿಸಿದರು. 1893ರಲ್ಲಿ ಷಿಕಾಗೊ ನಗರದ ಪ್ರದರ್ಶನದಲ್ಲಿಯೂ ಅವರ ಚಿತ್ರಗಳಿಗೆ ಪದಕಗಳು ಬಂದವು.

ಆದರೆ ಅರಮನೆಯ ಗೋಡೆಯ ಚಿತ್ರ ಬಡವನಿಗೆ ಕಾಣುವುದೆಂತು? 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಅಲ್ಪ ಬೆಲೆಗೆ ಮನೆಮನೆಯನ್ನು ಸೇರಿದವು. ದೇವಾಲಯದ ಬಾಗಿಲು ಮುಚ್ಚಿದ್ದವರೂ ತಮ್ಮ ಗುಡಿಸಿಲಿನಲ್ಲಿಯೇ ದೇವರ ರೂಪವನ್ನು ಕಾಣುವಂತಾಯಿತು. ಆದರೆ ಉದ್ಯಮ ಕಲಾವಿದನ ಕೈಹಿಡಿಯಲಿಲ್ಲ. ಸಾಲದ ಹೊರೆ ತಾಳಲಾರದೆ ಮುದ್ರಣಾಲಯವನ್ನು ಜರ್ಮನ್ ತಂತ್ರಜ್ಞನೊಬ್ಬನಿಗೆ ಮಾರಬೇಕಾಯಿತು.

1905ರಲ್ಲಿ, ಜೀವನದುದ್ದಕ್ಕೂ ಜೊತೆಯಾಗಿ ದುಡಿದ ತಮ್ಮ ರಾಜರಾಜವರ್ಮರು ತೀರಿಕೊಂಡರು. ಆ ದುಃಖದ ನಡುವೆಯೂ ರವಿವರ್ಮರು ಮೈಸೂರು ಅರಮನೆಗಾಗಿ ಕೈಗೊಂಡ ಚಿತ್ರಗಳ ಕೆಲಸವನ್ನು ಬಿಡಲಿಲ್ಲ. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಅವರು ನಿಧನ ಹೊಂದಿದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವರ ಕೃತಿಗಳು ಇಂದಿಗೂ ಇವೆ. ಕಲಿಸುವವರಿಲ್ಲದಿದ್ದರೂ ಕಲಿಯುವ ಛಲವಿದ್ದವನು ಏನನ್ನು ಸಾಧಿಸಬಲ್ಲನೆಂಬುದಕ್ಕೆ ಅವು ಸಾಕ್ಷಿಯಾಗಿವೆ.