ಕೊಳಚೆ ಸೇರುವ ಕಡಲಲ್ಲಿ ಔಷಧ ಕಂಡ ಬ್ರೊಟ್ಸು

ಟೈಫಾಯ್ಡ್ ಎಂದು ಗೊತ್ತಾದರೆ ವೈದ್ಯರು ಬರೆದುಕೊಡುವುದು ಹೆಚ್ಚಾಗಿ ಸೆಫಿಕ್ಸಿಮ್ ಮಾತ್ರೆ. ಆಸ್ಪತ್ರೆಗೆ ಸೇರಿಸಿದರೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಇವೆರಡೂ ಸೆಫಲೋಸ್ಪೊರಿನ್ ಎಂಬ ಗುಂಪಿನ ಆ್ಯಂಟಿಬಯೋಟಿಕ್‌ಗಳು. ಈ ಗುಂಪಿಗೆ ಮೂಲವಾದ ಶಿಲೀಂಧ್ರವನ್ನು ಕಡಲ ನೀರಿನಲ್ಲಿ ಪತ್ತೆ ಹಚ್ಚಿದವರು ಇಟಲಿಯ ಜುಸೆಪ್ಪೆ ಬ್ರೊಟ್ಸು.

1895ರಲ್ಲಿ ಸಾರ್ಡೀನಿಯಾ ದ್ವೀಪದ ಗಿಲಾರ್ಜಾದಲ್ಲಿ ಜನಿಸಿದ ಬ್ರೊಟ್ಸು, ದ್ವೀಪದ ರಾಜಧಾನಿ ಕಾಲ್ಯಾರಿಯ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ಊರು ಜರ್ಜರಿತವಾಗಿತ್ತು, ಟೈಫಾಯ್ಡ್ ಕಾಡುತ್ತಿತ್ತು. ಆದರೆ ಸು ಸಿಕ್ಕು ಎಂಬಲ್ಲಿ, ಊರಿನ ಕೊಳಚೆ ಕಡಲಿಗೆ ಬೀಳುವ ಜಾಗದ ಹತ್ತಿರವೇ ಹುಡುಗರು ಈಜುತ್ತಿದ್ದರು. ಅವರಲ್ಲಿ ಕಾಯಿಲೆ ನಿರೀಕ್ಷಿಸಿದಷ್ಟು ಇರಲಿಲ್ಲ. ರೋಗಾಣುಗಳನ್ನು ಕೊಲ್ಲುವ ಯಾವುದೋ ಜೀವಿ ಆ ನೀರಿನಲ್ಲಿ ಇರಬೇಕು ಎಂಬ ಅನುಮಾನ ಬ್ರೊಟ್ಸು ಅವರಿಗೆ ಬಂತು. 1945ರಲ್ಲಿ ನೀರಿನ ಮಾದರಿ ತಂದು ಪರೀಕ್ಷಿಸಿದಾಗ ಸಿಕ್ಕಿದ್ದು ಸೆಫಲೋಸ್ಪೋರಿಯಂ ಅಕ್ರಿಮೋನಿಯಂ ಎಂಬ ಶಿಲೀಂಧ್ರ.

ಅದರ ರಸವನ್ನು ಅಷ್ಟೇನೂ ಶುದ್ಧೀಕರಿಸದೆಯೇ ಅವರು ರೋಗಿಗಳಿಗೆ ಕೊಟ್ಟು ನೋಡಿದರು. ಇಂದಿನ ನಿಯಮಗಳಲ್ಲಿ ಇದಕ್ಕೆ ಅವಕಾಶವೇ ಸಿಗದು. ಕೀವು ತುಂಬಿದ ಕುರುಗಳಲ್ಲಿ, ಟೈಫಾಯ್ಡ್‌ನಲ್ಲಿ ಗುಣ ಕಂಡಿತು. ಆದರೆ ಮುಂದಿನ ಕೆಲಸಕ್ಕೆ ಹಣವಿಲ್ಲ, ಸಲಕರಣೆಯಿಲ್ಲ. ಇಟಲಿಯ ಔಷಧ ಉದ್ಯಮವೂ ಆಸಕ್ತಿ ತೋರಲಿಲ್ಲ. 1948ರಲ್ಲಿ ತಮ್ಮ ಸಂಸ್ಥೆಯದೇ ಪ್ರಕಟಣೆಯೊಂದರಲ್ಲಿ ವಿವರ ಅಚ್ಚು ಹಾಕಿಸಿದರು. ಅದನ್ನು ಓದಿದವರು ಬೆರಳೆಣಿಕೆಯಷ್ಟು ಮಂದಿ.

ಕೊನೆಗೆ, ಪರಿಚಯದ ಬ್ರಿಟಿಷ್ ಆರೋಗ್ಯಾಧಿಕಾರಿಯೊಬ್ಬರ ಮೂಲಕ ಶಿಲೀಂಧ್ರದ ಮಾದರಿ ಆಕ್ಸ್‌ಫರ್ಡ್‌ನ ಹೊವಾರ್ಡ್ ಫ್ಲೋರಿ ಅವರ ಪ್ರಯೋಗಾಲಯ ತಲುಪಿತು. ಅಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಕೆಲಸ ಮುಂದುವರಿಸಿದರು. ವಿಚಿತ್ರವೆಂದರೆ, ಟೈಫಾಯ್ಡ್ ರೋಗಾಣುವನ್ನು ತಡೆದಿದ್ದು ಮುಖ್ಯವಾಗಿ ಆ ರಸದಲ್ಲಿದ್ದ ಒಂದು ಬಗೆಯ ಪೆನಿಸಿಲಿನ್. ಜಗತ್ತನ್ನು ಬದಲಿಸಿದ ಸೆಫಲೋಸ್ಪೊರಿನ್ ಸಿ ಅದೇ ಶಿಲೀಂಧ್ರದಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಅಡಗಿತ್ತು, 1953ರಲ್ಲಿ ಪತ್ತೆಯಾಯಿತು. ಪೆನಿಸಿಲಿನ್ನನ್ನು ಒಡೆದು ಹಾಕುವ ಬ್ಯಾಕ್ಟೀರಿಯಾಗಳ ಕಿಣ್ವಕ್ಕೂ ಅದು ಜಗ್ಗಲಿಲ್ಲ. 1964ರಲ್ಲಿ ಈ ಗುಂಪಿನ ಮೊದಲ ಔಷಧ ಸೆಫಲೋಥಿನ್ ಮಾರುಕಟ್ಟೆಗೆ ಬಂತು.

ಅಷ್ಟರಲ್ಲಿ ಬ್ರೊಟ್ಸು ರಾಜಕೀಯದಲ್ಲಿದ್ದರು. 1955ರಿಂದ 1958ರವರೆಗೆ ಸಾರ್ಡೀನಿಯಾ ಪ್ರಾಂತ್ಯದ ಅಧ್ಯಕ್ಷರು, 1960ರ ದಶಕದಲ್ಲಿ ಕಾಲ್ಯಾರಿಯ ಮೇಯರ್. ಸೆಫಲೋಸ್ಪೊರಿನ್ ಕೋಟಿಗಟ್ಟಲೆ ವಹಿವಾಟಿನ ಔಷಧವಾದಾಗ ಹೆಚ್ಚಿನ ಹೆಸರು ಬಂದದ್ದು ಆಕ್ಸ್‌ಫರ್ಡ್‌ಗೆ.

ಕಡಲ ಸ್ಪಂಜುಗಳ ಒಳಗೆ ಬದುಕುವ ಶಿಲೀಂಧ್ರಗಳಲ್ಲಿ ಈಗ ವಿಜ್ಞಾನಿಗಳು ಹೊಸ ಔಷಧ ಹುಡುಕುತ್ತಿದ್ದಾರೆ. ಅಲ್ಲಿಯೂ ಅಕ್ರಿಮೋನಿಯಂ ಕುಲದ ಶಿಲೀಂಧ್ರಗಳು ಸಿಕ್ಕಿವೆ. ಬ್ರೊಟ್ಸು 1976ರಲ್ಲಿ ಕಾಲ್ಯಾರಿಯಲ್ಲೇ ನಿಧನರಾದರು. ಊರಿನ ದೊಡ್ಡ ಆಸ್ಪತ್ರೆಗೆ ಅವರದೇ ಹೆಸರಿದೆ.