ಬುದ್ಧಿಹಲ್ಲು ಕೀಳಿಸಲು ಭಯವೇ? ಹೊರೇಸ್ ವೆಲ್ಸ್ ಕಥೆ ಓದಿ

ನಂಜನಗೂಡು ಎಂದರೆ ಶ್ರೀಕಂಠೇಶ್ವರನ ಜೊತೆಗೆ ನೆನಪಾಗುವುದು ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿಂದ ಬಂದ ಹಲ್ಲುಪುಡಿ ಕರ್ನಾಟಕದ ಎಷ್ಟೋ ಮನೆಗಳ ಬಚ್ಚಲು ಸೇರಿತು. ಆದರೆ ಪುಡಿಯ ಕೆಲಸ ಹಲ್ಲಿನ ಹೊರಮೈಗೆ ಮಾತ್ರ ಸೀಮಿತ. ದವಡೆಯ ಮೂಳೆಯೊಳಗೆ ಅಡ್ಡಲಾಗಿ ಸಿಕ್ಕಿಕೊಂಡ ಬುದ್ಧಿಹಲ್ಲನ್ನಾಗಲಿ, ಬೇರಿನ ತುದಿಯಲ್ಲಿ ಕೂತ ಸೋಂಕನ್ನಾಗಲಿ ಯಾವ ಪುಡಿ, ಪೇಸ್ಟ್, ಲವಂಗದ ಎಣ್ಣೆಯೂ ತಲುಪುವುದಿಲ್ಲ.

ಅಂಥ ಹಲ್ಲಿಗೆ ದಂತವೈದ್ಯರು ಸಣ್ಣ ಶಸ್ತ್ರಚಿಕಿತ್ಸೆ ಬೇಕು ಎಂದರೆ ಸಾಕು, ನಂಜನಗೂಡಿನ ಮನೆಯಾಗಲಿ, ತಿ. ನರಸೀಪುರದ ಮನೆಯಾಗಲಿ, ಮೂರು ಮಾತು ಕೇಳಿಬರುತ್ತವೆ. ಅದು ಜೀವ ಹೋಗುವಷ್ಟು ನೋಯುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆ. ಸದ್ಯಕ್ಕೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿದರೆ ಸಾಕು.

ಇವುಗಳಲ್ಲಿ ಮೊದಲ ಮಾತು ಒಂದು ಕಾಲದಲ್ಲಿ ಪೂರ್ತಿ ನಿಜವಾಗಿತ್ತು. ಅದನ್ನು ಸುಳ್ಳಾಗಿಸುವ ದಾರಿ ತೆರೆದವರು ಒಬ್ಬ ದಂತವೈದ್ಯರು. ಅವರು ಮೊದಲ ಪ್ರಯೋಗ ಮಾಡಿದ್ದು ತಮ್ಮದೇ ಬುದ್ಧಿಹಲ್ಲಿನ ಮೇಲೆ. ಅವರ ಹೆಸರು ಹೊರೇಸ್ ವೆಲ್ಸ್.

ರೋಗಿಗಳ ನೋವು ಕಾಡಿದ ವೈದ್ಯ

ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಆಗ ದಂತವೈದ್ಯಕೀಯಕ್ಕೆ ಕಾಲೇಜೇ ಇರಲಿಲ್ಲ. ಅಮೆರಿಕದ ಮೊದಲ ದಂತವೈದ್ಯ ಕಾಲೇಜು ಬಾಲ್ಟಿಮೋರ್‌ನಲ್ಲಿ ತೆರೆದಿದ್ದು 1840ರಲ್ಲಿ. ಹಾಗಾಗಿ ವೆಲ್ಸ್ ತಮ್ಮ 19ನೇ ವಯಸ್ಸಿನಲ್ಲಿ ಬಾಸ್ಟನ್‌ಗೆ ಹೋಗಿ, ಅನುಭವಿಗಳ ಬಳಿ ಕೆಲಸ ಕಲಿತರು. 1836ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸ್ವಂತ ಚಿಕಿತ್ಸಾಲಯ ತೆರೆದರು. ಎರಡು ವರ್ಷಗಳ ಬಳಿಕ ಹಲ್ಲುಗಳ ಬೆಳವಣಿಗೆ, ರೋಗ ಮತ್ತು ಆರೈಕೆಯ ಬಗ್ಗೆ ಒಂದು ಪುಟ್ಟ ಪುಸ್ತಕವನ್ನೂ ಬರೆದರು.

ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಆದರೆ ಹಲ್ಲು ಕೀಳುವುದೆಂದರೆ ಎಚ್ಚರವಿರುವ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ ಇಕ್ಕಳ ಹಾಕಿ ಎಳೆಯುವುದು. ಆ ಕೂಗು, ಆ ನೋವು ವೆಲ್ಸ್ ಅವರನ್ನು ಕಾಡುತ್ತಿತ್ತು.

1844ರ ಡಿಸೆಂಬರ್ 10ರ ಸಂಜೆ ಹಾರ್ಟ್‌ಫರ್ಡ್‌ನಲ್ಲಿ ಗಾರ್ಡ್ನರ್ ಕೋಲ್ಟನ್ ಎಂಬುವವರ ಪ್ರದರ್ಶನವಿತ್ತು. ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲವನ್ನು ಉಸಿರಾಡಿದ ಜನ ವೇದಿಕೆಯಲ್ಲಿ ನಗುತ್ತಾ ಕುಣಿಯುವುದನ್ನು ಟಿಕೆಟ್ ಕೊಟ್ಟು ನೋಡುವ ಕಾಲ ಅದು. ಅಂದು ಅನಿಲ ಸೇವಿಸಿದ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಓಡಾಡುತ್ತಾ ಕಾಲಿಗೆ ಗಾಯ ಮಾಡಿಕೊಂಡ. ರಕ್ತ ಬರುತ್ತಿದ್ದರೂ ಅವನಿಗೆ ಅದು ಗೊತ್ತೇ ಆಗಲಿಲ್ಲ. ಉಳಿದವರು ನಕ್ಕರು. ವೆಲ್ಸ್ ಮಾತ್ರ ಆ ಕಾಲನ್ನೇ ಗಮನಿಸಿದರು.

ಮರುದಿನವೇ ಕೋಲ್ಟನ್ ಅನಿಲದ ಚೀಲದೊಂದಿಗೆ ವೆಲ್ಸ್ ಅವರ ಚಿಕಿತ್ಸಾಲಯಕ್ಕೆ ಬಂದರು. ವೆಲ್ಸ್ ತಾವೇ ರೋಗಿಯ ಕುರ್ಚಿಯಲ್ಲಿ ಕೂತು ಅನಿಲ ಎಳೆದುಕೊಂಡರು. ಸಹೋದ್ಯೋಗಿ ಜಾನ್ ರಿಗ್ಸ್ ಅವರ ಬುದ್ಧಿಹಲ್ಲನ್ನು ಕಿತ್ತರು. ಎಚ್ಚರವಾದಾಗ ವೆಲ್ಸ್‌ಗೆ ನೋವಿನ ನೆನಪೇ ಇರಲಿಲ್ಲ. ಮುಂದಿನ ಕೆಲವು ವಾರಗಳಲ್ಲಿ ಹತ್ತಾರು ರೋಗಿಗಳಿಗೆ ಇದೇ ರೀತಿ ಹಲ್ಲು ಕಿತ್ತರು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಉಸಿರಾಡುವ ಗಾಳಿಯಂತೆ ಅದು ಎಲ್ಲರಿಗೂ ಸಿಗಲಿ ಎಂಬುದು ಅವರ ನಿಲುವು.

ಒಂದು ಕೂಗು, ಹಲವು ವರ್ಷಗಳ ಹಿನ್ನಡೆ

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್‌ನಲ್ಲಿ ವೈದ್ಯ ವಿದ್ಯಾರ್ಥಿಗಳ ಎದುರು ಪ್ರಾತ್ಯಕ್ಷಿಕೆ ಕೊಟ್ಟರು. ಆದರೆ ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟರು. ಹಲ್ಲು ಕೀಳುವಾಗ ರೋಗಿ ಕೂಗಿದ. ಸಭೆ ಗೇಲಿ ಮಾಡಿತು, ಇದು ಮೋಸ ಎಂದಿತು. ಅಷ್ಟೇನೂ ನೋವಾಗಲಿಲ್ಲ ಎಂದು ಆ ರೋಗಿಯೇ ಆಮೇಲೆ ಹೇಳಿದರೂ ಕೇಳುವವರು ಇರಲಿಲ್ಲ.

ತಪ್ಪಿದ್ದೆಲ್ಲಿ? ನೈಟ್ರಸ್ ಆಕ್ಸೈಡ್ ಶ್ವಾಸಕೋಶದ ಮೂಲಕ ಬೇಗ ದೇಹ ಸೇರುತ್ತದೆ, ಅಷ್ಟೇ ಬೇಗ ಹೊರಟೂ ಹೋಗುತ್ತದೆ. ಚೀಲ ತೆಗೆದ ಕೆಲವೇ ಕ್ಷಣಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅಂದರೆ ವಿಧಾನ ಸರಿಯಿತ್ತು, ಪ್ರಮಾಣ ಮತ್ತು ಸಮಯ ತಪ್ಪಿತ್ತು. ಆದರೂ ಜನರ ಮನಸ್ಸಿನಲ್ಲಿ ಉಳಿದಿದ್ದು ಆ ಕೂಗು ಮಾತ್ರ.

ವೆಲ್ಸ್ ಕುಗ್ಗಿಹೋದರು, ವೃತ್ತಿಯಿಂದ ದೂರವಾದರು. 1846ರ ಅಕ್ಟೋಬರ್ 16ರಂದು ಅವರ ಹಳೆಯ ಶಿಷ್ಯ ವಿಲಿಯಂ ಮಾರ್ಟನ್ ಅದೇ ಬಾಸ್ಟನ್‌ನಲ್ಲಿ ಈಥರ್ ಬಳಸಿ ರೋಗಿಯ ನೋವು ಮರೆಸಿದರು. ಕುತ್ತಿಗೆಯ ಗೆಡ್ಡೆಯ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಹೆಸರು ಮಾರ್ಟನ್ ಅವರಿಗೆ ಬಂತು. ವೆಲ್ಸ್ ಪ್ಯಾರಿಸ್‌ವರೆಗೆ ಹೋಗಿ ತಮ್ಮ ಹಕ್ಕು ಮಂಡಿಸಿದರು. ನಂತರ ನ್ಯೂಯಾರ್ಕ್‌ನಲ್ಲಿ ಕ್ಲೋರೋಫಾರ್ಮ್ ಅನ್ನು ತಮ್ಮ ಮೇಲೆಯೇ ಮತ್ತೆ ಮತ್ತೆ ಪ್ರಯೋಗಿಸುತ್ತಾ ಮನಸ್ಸಿನ ಹಿಡಿತ ಕಳೆದುಕೊಂಡರು. ಆ ಸ್ಥಿತಿಯಲ್ಲಿ ಬೀದಿಯಲ್ಲಿ ಮಹಿಳೆಯರ ಮೇಲೆ ಆಮ್ಲ ಎರಚಿ ಬಂಧಿತರಾದರು. ತಾನು ಮಾಡಿದ್ದೇನೆಂದು ಅರಿವಾದ ಮೇಲೆ, 1848ರ ಜನವರಿ 24ರಂದು ಸೆರೆಮನೆಯಲ್ಲಿ ತಾವೇ ಜೀವ ಕಳೆದುಕೊಂಡರು. ಆಗ ಅವರಿಗೆ 33 ವರ್ಷ.

ಪ್ಯಾರಿಸ್‌ನ ವೈದ್ಯರು ಅವರ ಶೋಧವನ್ನು ಮಾನ್ಯ ಮಾಡಿದ ಸುದ್ದಿ ತಲುಪಿದ್ದು ಅವರ ಸಾವಿನ ನಂತರ. ಅಮೆರಿಕದ ದಂತವೈದ್ಯರ ಸಂಘ 1864ರಲ್ಲಿ, ವೈದ್ಯರ ಸಂಘ 1870ರಲ್ಲಿ ಆ ಗೌರವ ಸಲ್ಲಿಸಿದವು. ಹಲ್ಲು ಕೀಳಲು ನಗೆ ಅನಿಲ ಮತ್ತೆ ಚಾಲ್ತಿಗೆ ಬಂದಿದ್ದೂ ಕೋಲ್ಟನ್ ಅವರಿಂದಲೇ, 1863ರಲ್ಲಿ. ಒಂದು ಕೂಗಿಗೆ ಹೆದರಿದ್ದಕ್ಕೆ ನಗೆ ಅನಿಲ ಸುಮಾರು 18 ವರ್ಷ ಮೂಲೆ ಸೇರಿತು.

ಇಂದು ಕುರ್ಚಿಯಲ್ಲಿ ಆಗುವುದೇನು?

ಈಗ ಹಲ್ಲಿನ ಸಣ್ಣ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. 1943ರಲ್ಲಿ ಸ್ವೀಡನ್‌ನಲ್ಲಿ ತಯಾರಾದ ಲಿಡೊಕೇನ್‌ನಂಥ ಔಷಧವನ್ನು ನರದ ಹತ್ತಿರ ಚುಚ್ಚುತ್ತಾರೆ. ಅದು ನೋವಿನ ಸಂದೇಶ ಮಿದುಳಿಗೆ ಹೋಗುವುದನ್ನು ಕೆಲಹೊತ್ತು ತಡೆಯುತ್ತದೆ. ಒತ್ತುವುದು, ಅಲುಗಾಡಿಸುವುದು ಗೊತ್ತಾಗುತ್ತದೆ. ನೋವಾದರೆ ಕೈ ಎತ್ತಿ ಹೇಳಿ, ಇನ್ನಷ್ಟು ಔಷಧ ಕೊಡುತ್ತಾರೆ.

ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25 ವಯಸ್ಸಿನ ನಡುವೆ ಬರುತ್ತದೆ. ಜಾಗ ಸಾಲದಿದ್ದರೆ ಅದು ಓರೆಯಾಗಿ ಮೂಳೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅರ್ಧ ಮುಚ್ಚಿದ ಒಸಡಿನ ಕೆಳಗೆ ಅನ್ನದಗುಳು ಸೇರಿ ಊತ, ಕೀವು, ಬಾಯಿ ತೆರೆಯಲಾಗದ ಸ್ಥಿತಿ ಬರಬಹುದು. ಎಕ್ಸ್‌ರೇ ನೋಡಿ, ಒಸಡನ್ನು ಸ್ವಲ್ಪ ಬಿಡಿಸಿ, ಬೇಕಾದಷ್ಟೇ ಮೂಳೆ ತೆಗೆದು, ಹಲ್ಲನ್ನು ತುಂಡು ಮಾಡಿ ಹೊರತೆಗೆದು ಹೊಲಿಗೆ ಹಾಕುತ್ತಾರೆ. ತೊಂದರೆ ಕೊಡದ ಎಲ್ಲ ಬುದ್ಧಿಹಲ್ಲನ್ನೂ ಕೀಳಿಸಲೇಬೇಕೆಂದೇನೂ ಇಲ್ಲ.

ಬೇರಿನ ಸೋಂಕಿನ ಕಥೆ ಬೇರೆ. ಹುಳುಕು ಒಳಗಿಳಿದು ಹಲ್ಲಿನ ತಿರುಳು ಸತ್ತಾಗ ಅಲ್ಲಿ ರಕ್ತ ಸಂಚಾರವೇ ಇರುವುದಿಲ್ಲ. ನುಂಗಿದ ಆ್ಯಂಟಿಬಯಾಟಿಕ್ ಹೋಗುವುದು ರಕ್ತದ ಮೂಲಕ. ಹಾಗಾಗಿ ಊತ ಇಳಿದರೂ ಮೂಲ ಅಲ್ಲೇ ಉಳಿಯುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಏಳುತ್ತದೆ. ಮೊದಲ ಪರಿಹಾರ ರೂಟ್ ಕೆನಾಲ್. ಆಮೇಲೂ ಸೋಂಕು ಮರಳಿದರೆ ಅದನ್ನು ಮತ್ತೊಮ್ಮೆ ಮಾಡಬಹುದು. ಅದೂ ಆಗದಿದ್ದರೆ ಒಸಡಿನ ಕಡೆಯಿಂದ ಬೇರಿನ ತುದಿಯನ್ನು ಸುಮಾರು 3 ಮಿ.ಮೀ. ಕತ್ತರಿಸಿ ಮುಚ್ಚುತ್ತಾರೆ. ಕೊನೆಯ ದಾರಿ ಹಲ್ಲು ಕೀಳುವುದು.

ಇನ್ನು ಕಣ್ಣಿನ ವಿಷಯ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಲ್ಲು ಬೀಳುವ ವಯಸ್ಸಿಗೇ ಕಣ್ಣಿನ ಪೊರೆಯೂ ಬರುವುದರಿಂದ ಜನ ಎರಡನ್ನೂ ಜೋಡಿಸಿರಬಹುದು.

ಕಾದಷ್ಟೂ ನೋವು ಹೆಚ್ಚು

ಹಾಗಾದರೆ ಇಂಜೆಕ್ಷನ್ ಕೊಟ್ಟರೂ ನೋಯಿತು ಎನ್ನುವವರ ಮಾತು ಸುಳ್ಳೇ? ಅಲ್ಲ. ಕೀವು ತುಂಬಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚು. ಅಲ್ಲಿ ಮರಗಟ್ಟಿಸುವ ಔಷಧ ಸರಿಯಾಗಿ ನರದೊಳಗೆ ಇಳಿಯುವುದಿಲ್ಲ. ನೋವಿಗೆ ಹೆದರಿ ಕಡ್ಡಿಪುಡಿ ಒತ್ತಿಕೊಂಡು, ಮಾತ್ರೆ ನುಂಗಿ, ಜಾತ್ರೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡಿದವರು ಕೊನೆಗೆ ಕೆನ್ನೆ ಊದಿಸಿಕೊಂಡು ಬರುತ್ತಾರೆ. ಅವರಿಗೆ ಔಷಧ ಹಿಡಿಯುವುದು ಕಷ್ಟ. ಅವರ ಕೂಗು ಕೇಳಿದ ಇನ್ನೊಬ್ಬರು ತಾವೂ ಮುಂದೂಡುತ್ತಾರೆ. ಬಾಸ್ಟನ್‌ನಲ್ಲಿ ಆಗಿದ್ದೂ ಇದೇ.

ದವಡೆಯ ಕೆಳಗೆ ಅಥವಾ ಕುತ್ತಿಗೆಗೆ ಊತ ಇಳಿದರೆ, ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಈ ಸೋಂಕು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಸಕ್ಕರೆ ಕಾಯಿಲೆ ಇದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಹಲ್ಲು ತೆಗೆಸಿದ ದಿನ ಜೋರಾಗಿ ಉಗಿಯಬೇಡಿ, ಸ್ಟ್ರಾ ಬಳಸಬೇಡಿ. ಗಾಯ ಮಾಯುವವರೆಗೆ ಬೀಡಿ, ಸಿಗರೇಟು, ಎಲೆಅಡಿಕೆ ಬೇಡ. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತವೇ ಅದರ ಮುಚ್ಚಳ. ಅದು ಕಳಚಿದರೆ ಮೂಳೆ ತೆರೆದುಕೊಂಡು ವಿಪರೀತ ನೋಯುತ್ತದೆ. ತಣ್ಣಗಿನ ಗಂಜಿ, ಮೊಸರನ್ನ ಒಳ್ಳೆಯದು. ಮೆತ್ತಗಿನ ನಂಜನಗೂಡು ರಸಬಾಳೆ ಸಿಕ್ಕರೆ ಅದೂ ಸರಿ.

ನಂಜನಗೂಡಿನಿಂದಲೂ ತಿ. ನರಸೀಪುರದಿಂದಲೂ ಮೈಸೂರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಹಾದಿ. 1986ರಲ್ಲಿ ಆರಂಭವಾದ ಜೆಎಸ್‌ಎಸ್ ದಂತವೈದ್ಯಕೀಯ ಕಾಲೇಜು ಸೇರಿ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಅಲ್ಲಿವೆ. ಹಲ್ಲು ಇನ್ನೂ ಸ್ವಲ್ಪವೇ ನೋಯುತ್ತಿರುವಾಗ ಒಮ್ಮೆ ತೋರಿಸಿಕೊಂಡು ಬನ್ನಿ. ಅಂದು ಕುರ್ಚಿಯಲ್ಲಿ ಕೂರಲು ವೆಲ್ಸ್‌ಗೆ ಬೇಕಾದಷ್ಟು ಧೈರ್ಯ ಇಂದು ನಮಗೆ ಬೇಕಿಲ್ಲ.