ವೇಷ ಬದಲಿಸುವ ವೈರಸ್ ಮತ್ತು ಜೋನಾಸ್ ಸಾಲ್ಕ್

ಮಕ್ಕಳೇ, ಪೋಲಿಯೋ ಲಸಿಕೆ ಕಂಡುಹಿಡಿದ ಜೋನಾಸ್ ಸಾಲ್ಕ್ ಅವರ ಹೆಸರನ್ನು ನೀವು ಕೇಳಿರಬಹುದು. ಅದಕ್ಕೂ ಮೊದಲು ಅವರು ಫ್ಲೂ ಜ್ವರದ ಲಸಿಕೆಗಾಗಿ ದುಡಿದಿದ್ದರು ಎಂಬುದು ನಿಮಗೆ ಗೊತ್ತೇ?

ಸಾಲ್ಕ್ ಹುಟ್ಟಿದ್ದು 1914ರ ಅಕ್ಟೋಬರ್ 28ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ಸಿದ್ಧ ಉಡುಪಿನ ಉದ್ಯಮದಲ್ಲಿದ್ದರು. ಸಾಲ್ಕ್‌ಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ, 1918ರಲ್ಲಿ, ಫ್ಲೂ ಮಹಾಮಾರಿ ಜಗತ್ತನ್ನೇ ಆವರಿಸಿತು. ಅದಕ್ಕೆ ಬಲಿಯಾದವರು ಸುಮಾರು 5 ಕೋಟಿ ಎಂಬ ಅಂದಾಜಿದೆ. ನಮ್ಮ ದೇಶದಲ್ಲೇ 1 ಕೋಟಿಗೂ ಹೆಚ್ಚು ಜನ ಸತ್ತರು. ಆ ರೋಗ ತರುವುದು ವೈರಸ್ ಎಂಬುದು ಆಗ ತಿಳಿದಿರಲಿಲ್ಲ. ಮನುಷ್ಯರಲ್ಲಿ ಫ್ಲೂ ತರುವ ವೈರಸನ್ನು ಇಂಗ್ಲೆಂಡಿನ ವಿಜ್ಞಾನಿಗಳು ಪತ್ತೆ ಹಚ್ಚಿದ್ದು 1933ರಲ್ಲಿ.

ವೈದ್ಯರಾದ ಸಾಲ್ಕ್ 1942ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ತಮ್ಮ ಗುರು ಥಾಮಸ್ ಫ್ರಾನ್ಸಿಸ್ ಅವರ ಜೊತೆ ಸಂಶೋಧನೆಗೆ ತೊಡಗಿದರು. ಎರಡನೆಯ ಮಹಾಯುದ್ಧದ ಕಾಲವದು. ಸೈನಿಕರ ಶಿಬಿರಗಳಲ್ಲಿ ಮತ್ತೆ ಫ್ಲೂ ಹಬ್ಬಿದರೆ ಗತಿಯೇನು? ಅವರು ಕೋಳಿಮೊಟ್ಟೆಗಳೊಳಗೆ ವೈರಸ್ ಬೆಳೆಸಿ, ಫಾರ್ಮಾಲಿನ್ ಬಳಸಿ ಅದನ್ನು ಸಾಯಿಸಿ ಲಸಿಕೆ ತಯಾರಿಸಿದರು. ಸತ್ತ ವೈರಸ್ ರೋಗ ತರುವುದಿಲ್ಲ. ಆದರೆ ನಮ್ಮ ದೇಹ ಅದರ ಗುರುತು ಹಿಡಿದು, ಹೋರಾಡಲು ಬೇಕಾದ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. 1943ರಲ್ಲಿ ನಡೆದ ಪರೀಕ್ಷೆಯಲ್ಲಿ ಲಸಿಕೆ ಪಡೆದವರಿಗೆ ಫ್ಲೂ ಬಂದದ್ದು ಬಹಳ ಕಡಿಮೆ. 1945ರಲ್ಲಿ ಸೈನಿಕರಿಗೂ 1946ರಲ್ಲಿ ಸಾಮಾನ್ಯ ಜನರಿಗೂ ಲಸಿಕೆ ದೊರೆಯಿತು.

ಆದರೆ 1947ರಲ್ಲಿ ಏನಾಯಿತು ಗೊತ್ತೇ? ಲಸಿಕೆ ಪಡೆದವರಿಗೂ ಪಡೆಯದವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಫ್ಲೂ ಬಂತು! ಫ್ರಾನ್ಸಿಸ್ ಮತ್ತು ಸಾಲ್ಕ್ ಈ ಸೋಲನ್ನು ಮುಚ್ಚಿಡಲಿಲ್ಲ. ಕಾರಣ ಹುಡುಕಿ ಪ್ರಕಟಿಸಿದರು. ಹಗಲುವೇಷದವರಂತೆ ವೈರಸ್ ತನ್ನ ಹೊರರೂಪ ಬದಲಿಸಿಕೊಂಡಿತ್ತು. ಹಳೆಯ ಪ್ರತಿಕಾಯಗಳು ಅದನ್ನು ಗುರುತಿಸಲಿಲ್ಲ.

ಸತ್ತ ವೈರಸ್ಸಿನ ಲಸಿಕೆ ತಯಾರಿಸಿದ ಈ ಅನುಭವವೇ ಮುಂದೆ ಸಾಲ್ಕ್ ಅವರ ಪೋಲಿಯೋ ಲಸಿಕೆಗೆ ದಾರಿಯಾಯಿತು. ಅದರ ಯಶಸ್ಸನ್ನು 1955ರಲ್ಲಿ ಜಗತ್ತಿಗೆ ಸಾರಿದವರು ಅವರ ಗುರು ಫ್ರಾನ್ಸಿಸ್ ಅವರೇ. 1995ರ ಜೂನ್ 23ರಂದು ಸಾಲ್ಕ್ ತೀರಿಕೊಂಡರು.

ಇಂದು ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ ವೈರಸ್ಸಿನ ಹೊಸ ರೂಪಗಳನ್ನು ಪರಿಶೀಲಿಸಿ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಹಾಗಾಗಿಯೇ ಫ್ಲೂ ಲಸಿಕೆಯನ್ನು ಪ್ರತಿವರ್ಷ ಪಡೆಯಬೇಕು. ವಯಸ್ಸಾದವರು, ಗರ್ಭಿಣಿಯರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಇರುವವರಿಗೆ ಫ್ಲೂ ಅಪಾಯಕಾರಿಯಾಗಬಹುದು. ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದಾರೆಯೇ? ಈ ಬಗ್ಗೆ ವೈದ್ಯರನ್ನು ಕೇಳಲು ಅವರಿಗೆ ಹೇಳುವಿರಲ್ಲವೇ?